ಬಿಟ್ಟದ್ದಲ್ಲ, ಒಪ್ಪಿಸಿದ್ದು

ಅಂಪಾರೊ ಮರಾಲಿತ್ ಆ ಕೋರ್ಟಿಗೆ ದುಭಾಷಿಯಾಗಿ ಸೇರಿ ಇಪ್ಪತ್ತೆರಡು ವರ್ಷವಾಗಿತ್ತು. ಬತಾಂಗಸ್ ಸೀಮೆಯ ಕಡಲಂಚಿನ ಊರು. ಕೋರ್ಟು ಪುರಸಭೆ ಕಟ್ಟಡದ ಮಹಡಿಯಲ್ಲಿ, ಅದರ ಹಿಂದೆಯೇ ಮೀನಿನ ಮಾರ್ಕೆಟ್ಟು. ಸಾಕ್ಷಿಗಳು ತಗಲೊಗ್‌ನಲ್ಲಿ ಹೇಳುತ್ತಿದ್ದರು. ಅಂಪಾರೊ ಅದನ್ನು ಇಂಗ್ಲಿಷಿಗೆ ತಿರುಗಿಸಿ ಗಟ್ಟಿಯಾಗಿ ಹೇಳುತ್ತಿದ್ದಳು. ಪಕ್ಕದಲ್ಲಿ ಕೂತ ಸ್ಟೆನೊ ಚಾಯೊಂಗ್ ಆ ಇಂಗ್ಲಿಷನ್ನಷ್ಟೇ ಬರೆದುಕೊಳ್ಳುತ್ತಿದ್ದಳು. ಜಡ್ಜಿಗೂ ತಗಲೊಗ್ ಬರುತ್ತಿತ್ತು, ವಕೀಲರಿಗೂ ಬರುತ್ತಿತ್ತು. ಊಟಕ್ಕೆ ಎದ್ದರೆ ಎಲ್ಲರದೂ ಅದರಲ್ಲೇ ಹರಟೆ. ಆದರೆ ಕಾಗದಕ್ಕೆ ಹೋಗುವುದು ಇಂಗ್ಲಿಷು. ಸಾಕ್ಷಿಯ ಬಾಯಿಂದ ಬಂದ ಮಾತು ಕಿಟಕಿಯಾಚೆ ಹೋಗಿ ಮೀನಿನವರ ಕೂಗಾಟದಲ್ಲಿ ಸೇರಿಹೋಗುತ್ತಿತ್ತು.

ಕೆಲಸದಲ್ಲಿ ಅಂಪಾರೊ ಗಟ್ಟಿಗಿತ್ತಿ. ಅಕ್ಕಪಕ್ಕದ ಊರುಗಳ ಕೋರ್ಟಿನಿಂದಲೂ ಹೊಸ ದುಭಾಷಿಗಳು ಅವಳ ಹತ್ತಿರ ಕಲಿಯಲು ಬರುತ್ತಿದ್ದರು. "ದೊಡ್ಡ ಪದ ಬಂದ್ರೆ ಡಿಕ್ಷನರಿ ಇದೆ. ಹೆದರಬೇಕಾದ್ದು ಸಣ್ಣ ಪದಕ್ಕೆ" ಎಂದು ಅವರಿಗೆ ಹೇಳಿ, ಲೆಫ್ಟ್ ಎಂಬ ಒಂದೇ ಪದವನ್ನು ಹಿಡಿದು ತೋರಿಸುತ್ತಿದ್ದಳು. ಜೀಪ್ನಿ ಗಾಡಿ ಎಡಕ್ಕೆ ತಿರುಗಿದರೆ ಕಲಿವಾ. ಆರೋಪಿ ಆರು ಗಂಟೆಗೆ ಮನೆಯಿಂದ ಹೊರಟರೆ ಉಮಾಲಿಸ್. ಮಡಕೆಯಲ್ಲಿ ಅನ್ನ ಮಿಕ್ಕಿದ್ದರೆ ನತಿರಾ. ಕಟ್ಟಿಕೊಂಡವಳನ್ನು ನಡುನೀರಿನಲ್ಲಿ ಬಿಟ್ಟು ಹೋದರೆ ಇನಿವಾನ್. ಇಂಗ್ಲಿಷಿನವರಿಗೆ ಅಷ್ಟಕ್ಕೂ ಒಂದೇ ಲೆಫ್ಟ್, ಅದೇ ಸಾಕು.

ಚಾಯೊಂಗ್ ನಡುವೆ ಬಾಯಿ ಹಾಕುತ್ತಿದ್ದಳು. "ನನ್ ಗಂಡನ್ನ ಮರೀಬೇಡ್ವೇ! ಮೊದ್ಲು ಎಡಕ್ಕೆ ಹೋದ, ಆಮೇಲೆ ಮನೆಯಿಂದ ಹೋದ, ಕೊನೆಗೆ ನನ್ನನ್ನೂ ಬಿಟ್ಟ. ಒಬ್ನೇ ಮನುಷ್ಯ ಎಲ್ಲಾ ಅರ್ಥಾನೂ ಪೂರೈಸ್ಬಿಟ್ಟ." ಪರಹೆಂಗಸಿನ ಹಿಂದೆ ಹೋಗುವುದಕ್ಕೆ ಆ ಕಡೆ ಎಡಕ್ಕೆ ಹೋಗುವುದು ಎಂದೇ ಮಾತು. ಕಲಿಯಲು ಬಂದವರು ಬಿದ್ದು ಬಿದ್ದು ನಗುತ್ತಿದ್ದರು.

ದೆಲ್ಯಾ ಮಾಗ್ಸಿನೊಳ ಕೇಸು ಕೋರ್ಟಿಗೆ ಬಂದದ್ದು ತೊಂಬತ್ತನಾಲ್ಕರ ಮಾರ್ಚಿನಲ್ಲಿ, ಬಿಸಿಲು ಏರತೊಡಗಿದ್ದ ದಿನಗಳಲ್ಲಿ. ದೆಲ್ಯಾಗೆ ಆಗ ಇಪ್ಪತ್ತೊಂಬತ್ತು. ಮೀನಿಗೆಂದು ದೋಣಿ ಹತ್ತಿದ ಗಂಡ ಬಿರುಗಾಳಿಗೆ ಸಿಕ್ಕು ಹಿಂದಿರುಗಿರಲಿಲ್ಲ. ಮಗಳು ಇಸಾಬೆಲ್, ಎಲ್ಲರ ಬಾಯಲ್ಲಿ ಇಸಾಯ್, ಮೂರು ವರ್ಷದವಳಿದ್ದಾಗ ದೆಲ್ಯಾ ಹಾಂಗ್‌ಕಾಂಗಿನಲ್ಲಿ ಮನೆಗೆಲಸ ಹಿಡಿದಳು. ಹೊರಡುವ ಮುಂಚೆ ಮಗುವನ್ನು ಇನಂಗ್ ಸೆಪಾ ಎಂಬ ಮುದುಕಿಯ ಕೈಗಿತ್ತಳು. ದೆಲ್ಯಾಗೆ ಇಗರ್ಜಿಯಲ್ಲಿ ಜ್ಞಾನಸ್ನಾನವಾದ ದಿನ ಅವಳನ್ನು ಎತ್ತಿಕೊಂಡು ನಿಂತಿದ್ದವಳು ಇದೇ ಸೆಪಾ. ತಾಯಿ ಸತ್ತ ಮೇಲೆ ತಾಯಿಯೇ ಆಗಿದ್ದವಳು.

ಎರಡನೇ ವರ್ಷದ ಕೊನೆಗೆ ಸೆಪಾ ತೀರಿಕೊಂಡಳು. ದೆಲ್ಯಾಳ ಗಂಡನ ಅಕ್ಕ ರೆಮೆದ್ಯೊಸ್ ಬಂದು ಮಗುವನ್ನು ಪೇಟೆಯ ತನ್ನ ಮನೆಗೆ ಕರೆದೊಯ್ದಳು. ಅವಳಿಗೆ ಕಬ್ಬಿಣದ ಸಾಮಾನಿನ ಅಂಗಡಿಯಿತ್ತು, ಮಕ್ಕಳಿರಲಿಲ್ಲ. ದೆಲ್ಯಾಗೆ ಯಾರೂ ವಿಷಯ ತಿಳಿಸಲಿಲ್ಲ. ಅವಳು ಬರೆದ ಕಾಗದಗಳು ಸೆಪಾಳ ಬೀಗ ಹಾಕಿದ ಮನೆಯ ಬಾಗಿಲ ಸಂದಿಯಿಂದ ಒಳಗೆ ಬಿದ್ದು ಅಲ್ಲೇ ಉಳಿದವು. ಮುದುಕಿಗೆ ಓದುಬರಹ ಬಾರದ್ದರಿಂದ, ಉತ್ತರ ಬರದಿದ್ದರೂ ದೆಲ್ಯಾಗೆ ಅನುಮಾನ ಬರಲಿಲ್ಲ. ಕರಾರು ಮುಗಿಸಿಕೊಂಡು ಅವಳು ಊರಿಗೆ ಬರುವ ಹೊತ್ತಿಗೆ ಇಸಾಯ್ ರೆಮೆದ್ಯೊಸಳನ್ನು ಅಮ್ಮ ಎನ್ನುತ್ತಿದ್ದಳು. ಮಗುವನ್ನು ತನಗೆ ದತ್ತು ಕೊಡಿಸಬೇಕು, ಹೆತ್ತವಳು ಬಿಟ್ಟು ಹೋಗಿದ್ದಾಳೆ, ಅವಳ ಒಪ್ಪಿಗೆ ಕೇಳಬೇಕಾಗಿಲ್ಲ ಎಂದು ರೆಮೆದ್ಯೊಸಳ ಅರ್ಜಿ ಕೋರ್ಟಿನಲ್ಲಿತ್ತು.

ದೆಲ್ಯಾ ಸಾಕ್ಷಿ ಹೇಳಿದ ದಿನ ಫ್ಯಾನು ಕೆಟ್ಟಿತ್ತು. ಜಡ್ಜ್ ಒರ್ಬೆ ಕರಿ ನಿಲುವಂಗಿಯೊಳಗೆ ಬೆವರುತ್ತಾ ಫೈಲಿನಿಂದಲೇ ಗಾಳಿ ಬೀಸಿಕೊಳ್ಳುತ್ತಿದ್ದರು. ಬಡವರಿಗೆಂದು ಸರ್ಕಾರ ಕೊಡುವ ವಕೀಲನೇ ದೆಲ್ಯಾಗೂ ಸಿಕ್ಕಿದ್ದ. ಎಳೆಯವನು, ಕಾಗದವನ್ನು ಆ ಬೆಳಿಗ್ಗೆಯಷ್ಟೇ ನೋಡಿದ್ದ. ರೆಮೆದ್ಯೊಸಳ ವಕೀಲ ಕತಿಂದಿಗ್ ಊರಿಗೇ ಹೆಸರಾದವನು.

"ನೀನು ಹಾಂಗ್‌ಕಾಂಗಿಗೆ ಹೋದಾಗ ಮಗು ಎಲ್ಲಿತ್ತು?" ಎಂದು ಎಳೆಯ ವಕೀಲ ಕೇಳಿದ.

"ಇನಂಗ್ ಸೆಪಾಗೆ ಒಪ್ಪಿಸಿ ಹೋದೆ ಸ್ವಾಮಿ" ಎಂದಳು ದೆಲ್ಯಾ. ಅವಳ ಬಾಯಲ್ಲಿ ಬಂದ ಪದ ಇನಿಹಾಬಿಲಿನ್.

ಹಾಗೆಂದರೆ ಸುಮ್ಮನೆ ಎಲ್ಲೋ ಇಟ್ಟು ಹೋಗುವುದಲ್ಲ. ಇವಳಿಗೆ ಮುಳ್ಳು ಬಿಡಿಸಿ ಮೀನು ತಿನ್ನಿಸು, ಗುಡುಗಿದರೆ ಹೆದರುತ್ತಾಳೆ, ಪಕ್ಕದಲ್ಲೇ ಮಲಗಿಸಿಕೋ, ನಾನು ಬಂದು ಕರೆದೊಯ್ಯುತ್ತೇನೆ ಎಂದು ಕೈಗೆ ಕೈ ಕೊಟ್ಟು ಹೇಳಿ ಹೋಗುವುದು. ಸಾಯುವವರು ಇರುವವರಿಗೆ ಹೇಳಿ ಹೋಗುವ ಕೊನೆಯ ಮಾತಿಗೂ ಹಾಬಿಲಿನ್ ಎಂದೇ ಹೆಸರು. ಇಂಗ್ಲಿಷಿನಲ್ಲಿ ಅದಕ್ಕೆ ಸರಿಯಾದ ಪದವೂ ಇದೆ, ಎನ್‌ಟ್ರಸ್ಟೆಡ್ ಎಂದು. ಅಂಪಾರೊಗೆ ಅದು ಗೊತ್ತಿತ್ತು. ಜಮೀನಿನ ಕೇಸುಗಳಲ್ಲಿ ನೂರು ಸಲ ಬಳಸಿದ್ದಳು.

ಅವಳು ಅಂದದ್ದು, "ಐ ಲೆಫ್ಟ್ ಹರ್ ವಿತ್ ಸೆಪಾ."

ಅದು ಬಾಯಿ ತಪ್ಪಿ ಬಂದ ಮಾತಲ್ಲ. ಇನಿಹಾಬಿಲಿನ್ ಎಂಬ ಪದ ಕಿವಿಗೆ ಬಿದ್ದದ್ದೇ ಅವಳಿಗೆ ತನ್ನ ಚಿಕ್ಕಮ್ಮನ ದನಿ ಕೇಳಿಸಿದಂತಾಯಿತು. ಏಳು ವರ್ಷದವಳಿದ್ದಾಗ ಅವಳ ತಾಯಿ ಅವಳನ್ನು ಚಿಕ್ಕಮ್ಮನ ಮನೆ ಗೇಟಿನೊಳಗೆ ನಿಲ್ಲಿಸಿ, ಕೂದಲು ಸವರಿ, ಮನಿಲಾದ ಬಸ್ಸು ಹತ್ತಿದ್ದಳು. ಬಸ್ಸಿನಲ್ಲಿ ಇನ್ನೊಬ್ಬ ಗಂಡಸು ಕೂತಿದ್ದ. ತಾಯಿ ಮತ್ತೆ ಬರಲಿಲ್ಲ. ಮನೆಗೆ ಯಾರಾದರೂ ಬಂದು "ಈ ಹುಡುಗಿ ಯಾರು?" ಎಂದರೆ ಚಿಕ್ಕಮ್ಮ ಮಾನ ಮುಚ್ಚಿಕೊಳ್ಳಲು ನಗುನಗುತ್ತಾ, "ನಮ್ಮಕ್ಕ ನಮಗೆ ಒಪ್ಪಿಸಿ ಹೋಗಿದ್ದಾಳೆ" ಎನ್ನುತ್ತಿದ್ದಳು. ಇದೇ ಪದ. ಹತ್ತು ವರ್ಷ ಅದನ್ನೇ ಕೇಳಿ ಬೆಳೆದವಳಿಗೆ ಅದರಷ್ಟು ಹಸಿ ಸುಳ್ಳು ಇನ್ನೊಂದಿರಲಿಲ್ಲ. ಕಟಕಟೆಯಲ್ಲಿ ನಿಂತ ಹೆಂಗಸು ತೆಳ್ಳಗೆ ಪೌಡರು ಹಚ್ಚಿಕೊಂಡು ಆ ಪದ ಆಡಿದಾಗ ಅಂಪಾರೊ ಮನಸ್ಸಿನಲ್ಲೇ, 'ಬಿಟ್ಟು ಹೋದೆ ಅಂತ ನೆಟ್ಟಗೆ ಹೇಳಬಾರದೇನೇ' ಎಂದುಕೊಂಡಳು.

ಕತಿಂದಿಗ್ ಎದ್ದ. "ಸೋ ಯು ಲೆಫ್ಟ್ ಹರ್."

ಅಂಪಾರೊ ದೆಲ್ಯಾ ಕಡೆ ತಿರುಗಿದಳು. "ಅಂದ್ರೆ ಮಗೂನ ಬಿಟ್ಟೆ?" ಇನಿವಾನ್ ಎಂದೇ ಕೇಳಿದಳು.

ದೆಲ್ಯಾ ಬೆಚ್ಚಿದಳು. "ಇಲ್ಲಾ ಅಕ್ಕಾ, ಬಿಡ್ಲಿಲ್ಲ! ಒಪ್ಪಿಸಿ ಹೋದೆ."

ಅಂಪಾರೊ ತಿರುಗಿ ಹೇಳಿದಳು. "ಐ ಡಿಡ್ ನಾಟ್ ಲೀವ್ ಹರ್. ಐ ಲೆಫ್ಟ್ ಹರ್."

ಕೋರ್ಟು ಗೊಳ್ಳೆಂದಿತು. ಕತಿಂದಿಗ್ ಎರಡೂ ಕೈ ಮೇಲೆತ್ತಿ, "ನಾನು ಇನ್ನೇನೂ ಕೇಳೋದಿಲ್ಲ ಸ್ವಾಮಿ, ಸಾಕ್ಷಿ ಎರಡೂ ಕಡೆಗೆ ಹೇಳಿಯಾಯ್ತು" ಎಂದ. ಜಡ್ಜ್ ಒರ್ಬೆ ಬೆವರು ಒರೆಸಿಕೊಳ್ಳುತ್ತಾ ನಕ್ಕರು. ಇಂಗ್ಲಿಷು ಅರ್ಥವಾಗದ ದೆಲ್ಯಾ, ಎಲ್ಲರೂ ನಗುತ್ತಿದ್ದಾರಲ್ಲ, ತಾನು ಸರಿಯಾಗಿಯೇ ಹೇಳಿರಬೇಕು ಎಂದುಕೊಂಡು ತಾನೂ ಸ್ವಲ್ಪ ನಕ್ಕಳು. ಆ ನಗೆ ಅಂಪಾರೊಳ ಕಣ್ಣಿಗೆ ಬಿತ್ತು. ಎದ್ದು ನಿಂತು, ಸ್ವಾಮಿ, ಆ ಪದ ಅದಲ್ಲ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಮುಂದಿನ ಕೇಸಿನವರನ್ನು ಕರೆದರು.

ಎರಡು ವಾರದ ಮೇಲೆ ಚಾಯೊಂಗ್ ಟೈಪು ಮಾಡಿದ ಹಾಳೆಗಳನ್ನು ಹಿಡಿದುಕೊಂಡು ಅಂಪಾರೊ ಹತ್ತಿರ ಬಂದಳು. "ಅಂಪಿಂಗ್, ಇದನ್ನ ಹೀಗೇ ಇಡ್ಲೇನೇ? ಓದ್ದೋರು ಇವಳನ್ನ ಹುಚ್ಚಿ ಅಂದ್ಕೋತಾರೆ."

"ಕೋರ್ಟಲ್ಲಿ ಏನ್ ಆಡಿದ್ರೋ ಅದನ್ನ ಬರಿ. ತಿದ್ದೋಕೆ ನಾವ್ಯಾರು?"

"ಆಡ್ದೋಳು ನೀನು ಕಣೇ. ಅವಳಲ್ಲ."

"ಜಡ್ಜಿಗೆ ಕಿವಿ ಇಲ್ವಾ? ಅವರೇ ಕೇಳಿಸ್ಕೊಂಡಿದ್ದಾರೆ, ಅವಳು ಏನಂದ್ಳು ಅಂತ. ತೀರ್ಪು ಬರೆಯೋರು ಅವರು ತಾನೇ? ಬಿಡು."

ಚಾಯೊಂಗ್ ಅವಳನ್ನೇ ದಿಟ್ಟಿಸಿ ನೋಡಿ, ಹಾಳೆಗಳನ್ನು ಎತ್ತಿಕೊಂಡು ಹೋದಳು.

ಜೂನ್ ತಿಂಗಳಲ್ಲಿ ಜಡ್ಜ್ ಒರ್ಬೆಗೆ ಲಕ್ವ ಹೊಡೆಯಿತು. ತೀರ್ಪು ಬರೆಯದೆ ಬಾಕಿ ಉಳಿದ ಕೇಸುಗಳೆಲ್ಲ ಹೊಸ ಜಡ್ಜರ ಮೇಜಿಗೆ ಬಂದವು. ಅವರು ದೂರದ ಇಲೊಯಿಲೊ ಸೀಮೆಯವರು. ಮನೆಮಾತು ಬೇರೆ, ತಗಲೊಗ್ ಅಷ್ಟಕ್ಕಷ್ಟೆ. ದೆಲ್ಯಾಳನ್ನು ಅವರು ಕಂಡವರೇ ಅಲ್ಲ. ಅವರ ಮುಂದಿದ್ದದ್ದು ಕಾಗದ ಮಾತ್ರ. ಒಳ್ಳೆಯ ಮನುಷ್ಯ, ಪ್ರತಿ ಹಾಳೆಯನ್ನೂ ಎರಡೆರಡು ಸಲ ಓದುವವರು. ಓದಿದರು.

ನವೆಂಬರಿನ ಒಂದು ಬೆಳಿಗ್ಗೆ ತೀರ್ಪಿನ ಪ್ರತಿ ಹಿಡಿದು ದೆಲ್ಯಾ ಮೊಗಸಾಲೆಯಲ್ಲಿ ನಿಂತಿದ್ದಳು. ಅಂದೇ ಮಗಳು ಸಿಗುತ್ತಾಳೆಂಬ ನಂಬಿಕೆಯಲ್ಲಿ ಬಾಳೆಲೆಯಲ್ಲಿ ಕಟ್ಟಿದ ಸುಮಾನ್ ತಂದಿದ್ದಳು. ಅಕ್ಕಿ, ತೆಂಗಿನಹಾಲಿನ ಘಮ ಮೊಗಸಾಲೆಗೆಲ್ಲ ಹಬ್ಬಿತ್ತು. ಎಳೆಯ ವಕೀಲ ಬೇರೆ ಊರಿನ ಕೋರ್ಟಿಗೆ ಹೋಗಿದ್ದ. ಅವಳು ಅಂಪಾರೊಳನ್ನು ನೋಡಿ ಗೆಲುವಾದಳು.

"ಅಕ್ಕಾ, ಇದರಲ್ಲಿ ಏನಿದೆ ಅಂತ ಸ್ವಲ್ಪ ಓದಿ ಹೇಳ್ತೀರಾ? ನಂಗೆ ಇಂಗ್ಲಿಷು ತಲೆಗೆ ಹತ್ತಲ್ಲ."

ಅಂಪಾರೊ ಹಾಳೆ ತಿರುಗಿಸಿದಳು. ನಾಲ್ಕನೇ ಪುಟದಲ್ಲಿ ತನ್ನ ಮಾತೇ ತನ್ನ ಕಣ್ಣಿಗೆ ಬಿತ್ತು. ತಾಯಿ ತನ್ನ ಬಾಯಿಂದಲೇ ಒಪ್ಪಿಕೊಂಡಿದ್ದಾಳೆ, ಐ ಲೆಫ್ಟ್ ಹರ್ ಎಂದು, ಒಮ್ಮೆಯಲ್ಲ ಎರಡು ಸಲ. ಮಗು ಇನ್ನು ಮುಂದೆ ಅರ್ಜಿದಾರರ ಮಗಳು.

"ಮಗೂನ ಅವರಿಗೇ ಕೊಟ್ಟಿದ್ದಾರೆ" ಎಂದಳು.

ದೆಲ್ಯಾ ಅರ್ಥವಾಗದವಳಂತೆ ನೋಡಿದಳು. "ಯಾಕೆ?"

"ನೀನು ಬಿಟ್ಟು ಹೋದೆ ಅಂತ. ನೀನೇ ಹಾಗೆ ಹೇಳಿದೀಯ ಅಂತ."

"ನಾನು ಹಂಗೆ ಹೇಳ್ಲೇ ಇಲ್ವಲ್ಲಾ." ದೆಲ್ಯಾ ದನಿ ಏರಿಸಲಿಲ್ಲ. ಮೇಜಿನ ಮೇಲಿಟ್ಟ ವಸ್ತು ಕಾಣೆಯಾದರೆ ಪಕ್ಕದವರನ್ನು ಕೇಳುತ್ತೇವಲ್ಲ, ಹಾಗೆ ಕೇಳಿದಳು. "ನೀವು ಅಲ್ಲೇ ಇದ್ರಲ್ಲಾ ಅಕ್ಕಾ. ನನ್ ಪಕ್ಕದಲ್ಲೇ. ನಾನು ಒಪ್ಪಿಸಿ ಹೋದೆ ಅಂದಿದ್ದು ನಿಮಗೆ ಕೇಳ್ಸಿತ್ತಲ್ಲಾ?"

"ಕೇಳ್ಸಿತ್ತು" ಎಂದಳು ಅಂಪಾರೊ.

"ಮತ್ತೆ?"

ಅಂಪಾರೊ ತೀರ್ಪನ್ನು ಅವಳ ಕೈಗೆ ವಾಪಸು ಕೊಟ್ಟಳು. ದೆಲ್ಯಾ ಹಾಳೆಗಳನ್ನು ನಾಲ್ಕಾಗಿ ಮಡಚಿ ರವಿಕೆಯೊಳಗಿಟ್ಟುಕೊಂಡಳು. ಸುಮಾನ್ ಕಟ್ಟನ್ನು ಬೆಂಚಿನ ಮೇಲೆ ಮರೆತು ಮೆಟ್ಟಿಲಿಳಿದು ಹೋದಳು. ಅಂಪಾರೊ ಅದನ್ನೆತ್ತಿಕೊಂಡು ಹಿಂದೆ ಓಡಿದಳು. ಅಷ್ಟರಲ್ಲಿ ಮಾರ್ಕೆಟ್ಟಿನ ಜನದಲ್ಲಿ ಅವಳು ಕಾಣದಾಗಿದ್ದಳು.

ಆ ದಿನ ಅಂಪಾರೊ ಮೂರು ಕೇಸಿಗೆ ದುಭಾಷಿ ಕೆಲಸ ಮಾಡಿದಳು. ಎಲ್ಲ ಸರಿಯಾಗಿಯೇ ಹೇಳಿದಳು. ಮಾರನೇ ಬೆಳಿಗ್ಗೆ ಎಳೆಯ ವಕೀಲನ ಕಚೇರಿಗೆ ಹೋಗಿ ಅವನೆದುರು ಕೂತು, ನಡೆದದ್ದನ್ನು ಒಂದೂ ಬಿಡದೆ ಹೇಳಿದಳು. ಅವನ ಮುಖ ಬಿಳಿಚಿತು. ತಪ್ಪು ಅವನದೂ ಇತ್ತು. ಅಂದು ಅವನಿಗೂ ತಗಲೊಗ್ ಕೇಳಿಸಿತ್ತು, ಅವನೂ ನಕ್ಕಿದ್ದ.

"ಪ್ರಮಾಣಪತ್ರ ಬರ್ಕೊಡಿ ಮೇಡಂ, ಮೇಲಿನ ಕೋರ್ಟಿಗೆ ಹಾಕ್ತೀನಿ. ಇನ್ನೂ ದಿನ ಇದೆ. ಗಾಬರೀಲಿ ತಪ್ಪಾಯ್ತು ಅಂತ ಬರೆದ್ರೆ ಸಾಕು. ಬೇಕಂತ ಅನ್ನೋದೆಲ್ಲಾ ಬೇಡ. ನಿಮ್ಮ ಕೆಲಸಕ್ಕೇ ಕುತ್ತು ಬರುತ್ತೆ."

"ಆ ಪದ ನಂಗೆ ಗೊತ್ತಿತ್ತು. ಗೊತ್ತಿರಲಿಲ್ಲ ಅಂತ ಬರೆದ್ರೆ ಇನ್ನೊಂದು ಸುಳ್ಳಾಗುತ್ತೆ" ಎಂದು ಅಂಪಾರೊ ಪೆನ್ನು ತೆಗೆದುಕೊಂಡಳು. ಗೊತ್ತಿದ್ದೂ ಹೇಳಲಿಲ್ಲ ಎಂದೇ ಬರೆದಳು. ಯಾಕೆ ಎಂಬುದನ್ನು ಮಾತ್ರ ಬರೆಯಲಿಲ್ಲ. ಅದು ಕೋರ್ಟಿಗೆ ಸಂಬಂಧಪಟ್ಟದ್ದಲ್ಲ.

ಆ ಯಾಕೆ ಎಂಬುದನ್ನು ಅವಳು ದೆಲ್ಯಾಗೆ ಹೇಳಿದಳು. ದೆಲ್ಯಾ ಯಾರದೋ ಮನೆಯ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅಂಪಾರೊ ಹೇಳಿ ಮುಗಿಸುವವರೆಗೂ ಒಗೆಯುತ್ತಲೇ ಇದ್ದಳು. ಆಮೇಲೆ ನೊರೆಯ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು.

"ನಿಮ್ಮ ಅಮ್ಮನ್ನ ನೀವು ಬೈಯ್ಬೇಕಿತ್ತು ಅಕ್ಕಾ. ನಾನ್ ಸಿಕ್ಕಿದ್ನಾ?"

"ನಂಗೂ ಬೈಯಿ. ಬೈಸ್ಕೊಳ್ಳೋಕೇ ಬಂದಿದೀನಿ."

"ನಿಮ್ಮನ್ನ ಬೈದ್ರೆ ಇಸಾಯ್ ಬರ್ತಾಳಾ?" ದೆಲ್ಯಾ ಮತ್ತೆ ಬಟ್ಟೆ ಕೈಗೆತ್ತಿಕೊಂಡಳು. "ಬಿಸ್ಲಲ್ಲಿ ನಿಲ್ಬೇಡಿ. ಹೋಗಿ."

ಅಂಪಾರೊಳನ್ನು ಆರು ತಿಂಗಳು ಕೆಲಸದಿಂದ ದೂರ ಇಟ್ಟರು. ತಿರುಗಿ ಸೇರಿಸಿಕೊಂಡಾಗ ಸಾಕ್ಷಿಗಳ ಪಕ್ಕ ನಿಲ್ಲಿಸಲಿಲ್ಲ, ಹಳೆ ಫೈಲುಗಳ ಕೋಣೆಗೆ ಹಾಕಿದರು. ಕತಿಂದಿಗ್ ಕಂಡಾಗಲೆಲ್ಲ, "ಏನಮ್ಮಾ, ಇವತ್ತು ಬಿಟ್ಟಿದೀಯೋ ಒಪ್ಪಿಸಿದೀಯೋ?" ಎಂದು ಕಿಚಾಯಿಸುತ್ತಿದ್ದ. ಒಂದು ದಿನ ಚಾಯೊಂಗ್ ಎಲ್ಲರೆದುರು, "ನಿಮ್ಮ ಹೆಂಡ್ತಿ ಹತ್ರ ಕೇಳ್ಕೊಳ್ಳಿ ವಕೀಲರೇ, ನೀವು ಎಡಕ್ಕೆ ಹೋಗೋದು ಊರಿಗೇ ಗೊತ್ತು" ಎಂದ ಮೇಲೆ ಅವನ ಬಾಯಿ ಮುಚ್ಚಿತು.

ಮೇಲಿನ ಕೋರ್ಟು ಮನಿಲಾದಲ್ಲಿ. ಅಲ್ಲಿ ಕಾಗದ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಲು ಮಳೆಗಾಲಗಳೇ ಕಳೆದವು. ದೆಲ್ಯಾ ಹಾಂಗ್‌ಕಾಂಗಿಗೆ ಮತ್ತೆ ಹೋಗಲಿಲ್ಲ. ಹೋದರೆ ಅದನ್ನೂ ಬಿಟ್ಟು ಹೋದಳು ಎನ್ನುತ್ತಾರೆಂಬ ಹೆದರಿಕೆ. ರೆಮೆದ್ಯೊಸಳ ಮನೆಗೆ ಕಾಲಿಡಬಾರದೆಂದು ಆಜ್ಞೆಯಿತ್ತು. ಶಾಲೆಯ ಮೆರವಣಿಗೆಯಲ್ಲಿ, ಹಬ್ಬದ ಪೂಜೆಯಲ್ಲಿ ದೂರದಿಂದ ಮಗಳ ಬೆನ್ನು ನೋಡುತ್ತಿದ್ದಳು. ಜಡೆ ಎಷ್ಟು ಉದ್ದವಾಗಿದೆ ಎಂಬುದನ್ನು ಅಂಪಾರೊಗೆ ಬಂದು ಹೇಳುತ್ತಿದ್ದಳು. ಅವರಿಬ್ಬರ ನಡುವೆ ಇದ್ದದ್ದು ಸ್ನೇಹವಲ್ಲ. ಆದರೆ ಆ ಕೇಸಿನ ಸುದ್ದಿ ಕೇಳಲು ದೆಲ್ಯಾಗೆ ಬೇರೆ ಯಾರೂ ಇರಲಿಲ್ಲ, ಅಂಪಾರೊಗೆ ಬೇರೆ ಯಾರ ಕಾಲಿನ ಸಪ್ಪಳವೂ ಅಷ್ಟು ಬೇಕಿರಲಿಲ್ಲ.

ತೊಂಬತ್ತೆಂಟರ ಅಕ್ಟೋಬರಿನಲ್ಲಿ ತೀರ್ಪು ಬಂತು. ತಾಯಿ ಮಗುವನ್ನು ತೊರೆದಿಲ್ಲ, ನಂಬಿದವರ ಕೈಗೆ ಒಪ್ಪಿಸಿ ಹೋಗಿದ್ದಾಳೆ, ದತ್ತು ರದ್ದು. ಈ ಸಲ ಸರಿಯಾದ ಪದವೇ ಇತ್ತು. ಇಸಾಯ್‌ಗೆ ಆಗ ಹತ್ತು ವರ್ಷ.

"ನೀವೂ ಬನ್ನಿ ಅಕ್ಕಾ. ಕಾಗದ ಓದೋಕೆ ಯಾರಾದ್ರೂ ಬೇಕಲ್ಲಾ" ಎಂದು ದೆಲ್ಯಾ ಕರೆದಳು. ಇಬ್ಬರೂ ಒಂದು ಶನಿವಾರ ಮಧ್ಯಾಹ್ನ ಕಬ್ಬಿಣದಂಗಡಿಯ ಮೇಲಿನ ಮನೆಗೆ ಹೋದರು. ರೆಮೆದ್ಯೊಸ್ ಬಾಗಿಲು ತೆಗೆದಳು. ಜಗಳಕ್ಕೆ ನಿಲ್ಲಲಿಲ್ಲ. ಅತ್ತು ಅತ್ತು ಅವಳ ಮುಖ ಊದಿಕೊಂಡಿತ್ತು.

"ಕರ್ಕೊಂಡು ಹೋಗು. ನಾನು ತಡೆಯಲ್ಲ. ಅವಳ ಬಟ್ಟೆ ಎಲ್ಲಾ ಕಟ್ಟಿಟ್ಟಿದೀನಿ" ಎಂದು ರೆಮೆದ್ಯೊಸ್ ಹೇಳಿ, "ಒಂದ್ಸಲ ಅವಳನ್ನೂ ಕೇಳು" ಎಂದಳು.

ಇಸಾಯ್ ಒಳಗಿಂದ ಬಂದಳು. ದೆಲ್ಯಾಳದೇ ಹಣೆ, ದೆಲ್ಯಾಳದೇ ಹುಬ್ಬು. ಹಿರಿಯರಿಗೆ ಮಾಡುವಂತೆ ದೆಲ್ಯಾಳ ಕೈ ಹಿಡಿದು ಹಣೆಗೊತ್ತಿಕೊಂಡಳು, ಅಂಪಾರೊಳದ್ದನ್ನೂ ಒತ್ತಿಕೊಂಡಳು. ಇಬ್ಬರಿಗೂ ಒಂದೇ ಥರ.

"ನೀವ್ಯಾರು ಅಂತ ನಂಗೊತ್ತು" ಎಂದು ಹುಡುಗಿ ದೆಲ್ಯಾಗೆ ಹೇಳಿದಳು. ಹೊರಗಿನವರೊಡನೆ ಆಡುವ ಮರ್ಯಾದೆಯ ಮಾತು. "ನಾನು ಬರಲ್ಲ. ನೀವು ನನ್ನನ್ನ ಬಿಟ್ಟು ಹೋಗಿದ್ರಿ."

"ಇಲ್ಲಾ ಕಂದಾ. ಹಂಗಂತ ಯಾರ್ ಹೇಳಿದ್ರು?"

"ಕೋರ್ಟಿನ ಕಾಗದದಲ್ಲಿದೆ. ನಾನೇ ಓದಿದೀನಿ. ನಂಗೆ ಇಂಗ್ಲಿಷ್ ಬರುತ್ತೆ."

ಅಂಪಾರೊ ಮುಂದೆ ಬಂದಳು. "ಅದು ತಪ್ಪು ಮಗಳೇ. ಅದನ್ನ ಹೇಳಿದ್ದು ನಿಮ್ಮಮ್ಮ ಅಲ್ಲ, ನಾನು. ಅವಳು ಹೇಳಿದ ಪದವೇ ಬೇರೆ..."

ಹುಡುಗಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ನಮ್ಮಮ್ಮ ಇವರು" ಎಂದು ರೆಮೆದ್ಯೊಸಳ ಲಂಗ ಹಿಡಿದುಕೊಂಡಳು.

ಅಂಪಾರೊ ಇನ್ನೂ ಹೇಳುವವಳಿದ್ದಳು. ದೆಲ್ಯಾ ಅವಳ ತೋಳು ಹಿಡಿದಳು. "ಸಾಕು ಅಕ್ಕಾ. ಮಗೂಗೆ ಕೋರ್ಟಿನ ಮಾತು ಬೇಡ."

ಕಟ್ಟಿಟ್ಟ ಬಟ್ಟೆಯ ಗಂಟು ಬಾಗಿಲ ಪಕ್ಕದಲ್ಲೇ ಇತ್ತು. ದೆಲ್ಯಾ ಅದನ್ನೇ ನೋಡುತ್ತಾ ಬಹಳ ಹೊತ್ತು ನಿಂತಳು. ತೀರ್ಪಿನ ಕಾಗದ ಕೈಚೀಲದಲ್ಲಿತ್ತು, ಎಳೆದೊಯ್ದರೂ ಕೇಳುವವರಿರಲಿಲ್ಲ. ಕೊನೆಗೆ ರೆಮೆದ್ಯೊಸಳಿಗೆ, "ಗಂಟು ಬಿಚ್ಚಿಡು ಅಕ್ಕಾ. ಬಟ್ಟೆ ಮುದುರುತ್ತೆ. ನಾನು ಭಾನುವಾರ ಬರ್ತೀನಿ" ಎಂದಳು. ಮೆಟ್ಟಿಲಿಳಿದು ಬೀದಿಗೆ ಬರುವವರೆಗೆ ಗಟ್ಟಿಯಾಗಿಯೇ ಇದ್ದಳು. ಬೀದಿಯಲ್ಲಿ ಅಂಗಡಿಯ ಗೋಡೆ ಹಿಡಿದು ಕುಸಿದಳು. ಅಂಪಾರೊ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಮುಟ್ಟಲೋ ಬೇಡವೋ ಎಂದು ತಿಳಿಯಲಿಲ್ಲ, ಮುಟ್ಟಲಿಲ್ಲ.

ಆಮೇಲೆ ದೆಲ್ಯಾ ಪ್ರತಿ ಭಾನುವಾರ ಹೋದಳು. ಮೊದಲ ತಿಂಗಳುಗಳಲ್ಲಿ ಇಸಾಯ್ ಕೋಣೆಯಿಂದ ಹೊರಗೇ ಬರುತ್ತಿರಲಿಲ್ಲ. ರೆಮೆದ್ಯೊಸ್ ಕಾಫಿ ಕೊಡುತ್ತಿದ್ದಳು, ಇಬ್ಬರೂ ಎದುರುಬದುರು ಕೂತು ಕುಡಿಯುತ್ತಿದ್ದರು. ಬೇಸಿಗೆಯ ಹೊತ್ತಿಗೆ ಹುಡುಗಿ ಬಂದು ಕೂರತೊಡಗಿದಳು. ಶಾಲೆಯ ವಿಷಯ ಕೇಳಿದರೆ ಕೇಳಿದಷ್ಟಕ್ಕೆ ಉತ್ತರ. ಅಮ್ಮ ಎಂದು ಒಮ್ಮೆಯೂ ಕರೆಯಲಿಲ್ಲ.

ನಿವೃತ್ತಿಯಾದ ಮೇಲೆ ಒಂದು ಭಾನುವಾರ ಅಂಪಾರೊ ಆ ಬೀದಿಯಲ್ಲಿ ಸೋಪು ಕೊಳ್ಳಲು ನಿಂತಿದ್ದಾಗ ಅವರಿಬ್ಬರನ್ನು ಕಂಡಳು. ಕಬ್ಬಿಣದಂಗಡಿಯ ಮೆಟ್ಟಿಲ ಮೇಲೆ ತಾಯಿ ಮಗಳು ಕೂತಿದ್ದರು, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟುಕೊಂಡು. ದೆಲ್ಯಾ ಎಳೆ ಮಾವಿನಕಾಯಿ ಹೆಚ್ಚಿ, ಉಪ್ಪು ಸವರಿ ಆ ಜಾಗದಲ್ಲಿಡುತ್ತಿದ್ದಳು. ಹುಡುಗಿ ಒಂದೊಂದೇ ತೆಗೆದು ತಿನ್ನುತ್ತಿದ್ದಳು. ಹುಳಿಗೆ ಒಮ್ಮೆ ಹುಡುಗಿಯ ಕಣ್ಣು ಮುಚ್ಚಿತು. ಅದನ್ನು ನೋಡಿ ದೆಲ್ಯಾ ನಕ್ಕಳು. 

ಐದು ಗಂಟೆಗೆ ಕಡಲ ಕಡೆಗೆ ಹೋಗುವ ಜೀಪ್ನಿಯ ಹಾರ್ನು ತಿರುವಿನಾಚೆ ಕೇಳಿಸಿತು. ದೆಲ್ಯಾ ಚಾಕು ಒರೆಸಿ ಚೀಲಕ್ಕೆ ಹಾಕಿಕೊಂಡು ಎದ್ದು, ಏನೋ ಹೇಳಿದಳು. ಹುಡುಗಿ ತಲೆಯಾಡಿಸಿ, ಲಂಗಕ್ಕೆ ಬಿದ್ದ ಉಪ್ಪನ್ನು ಕೊಡವಿಕೊಂಡು ಒಳಗೆ ಹೋದಳು. ಜೀಪ್ನಿ ಇನ್ನೂ ತಿರುವು ದಾಟಿರಲಿಲ್ಲ. ಒಳಗಿನಿಂದ ಚಿಲಕ ಹಾಕಿದ ಸದ್ದು ಅಂಪಾರೊ ನಿಂತ ಅಂಗಡಿಯವರೆಗೂ ಕೇಳಿತು. ದೆಲ್ಯಾ ಬಾಗಿಲಿಗೆ ಬೆನ್ನು ಹಾಕಿ, ಕೈಚೀಲವನ್ನು ಎದೆಗವಚಿಕೊಂಡು, ರಸ್ತೆಯ ಕಡೆ ನೋಡುತ್ತಾ ನಿಂತಿದ್ದಳು.